ನಲವತ್ತು ನಿಮಿಷ ಮುಂದಿದ್ದ ಗಡಿಯಾರ

10 ಜುಲೈ 2025, ಗುರುವಾರ
ಬೆಳಿಗ್ಗೆ ಹಾನಗಲ್‌ನಿಂದ ಸವಣೂರಿಗೆ ಬಾಡಿಗೆ. ಗಾಡಿಯ ಮ್ಯಾಪ್ ಪರದೆಯಲ್ಲಿ ಇವತ್ತಿನ ತಾರೀಖು 24 ನವೆಂಬರ್ 2005. ವಾರ ಮಾತ್ರ ಸರಿ. ಟೈಮು ನಲವತ್ತು ನಿಮಿಷ ಮುಂದೆ. ಸರಿಮಾಡಿದರೂ ಅಷ್ಟೇ, ಎಂಜಿನ್ ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಅದೇ ಹಣೆಬರಹ. ಬರುವಾಗ ಶಿಗ್ಗಾವಿಯಲ್ಲಿ ಎಲೆಕ್ಟ್ರಿಶಿಯನ್‌ಗೆ ತೋರಿಸಿದೆ.

"ಮ್ಯಾಲಿನ ಸ್ಯಾಟಲೈಟ್ ವಾರಾ ಎಣಸ್ತಾವರಿ. ಸಾವಿರದ ಇಪ್ಪತ್ನಾಕು ಆತಂದ್ರ ಮತ್ತ ಸೊನ್ನಿಯಿಂದ ಶುರು. ಹೊಸಾ ಗಾಡಿಗೆ ಅದು ತಿಳೀತೈತಿ. ನಿಮ್ಮ ಮುದುಕಿಗೆ ತಿಳ್ಯಂಗಿಲ್ಲ. ಟೈಮೂ ಅದರ ಜೋಡಿ ಕೆಟ್ಟೈತಿ."

ಪರದೆಯನ್ನೇ ಬದಲಿಸಬೇಕಂತೆ. ಬ್ಯಾಡ ಅಂದು ಬಂದೆ. ನಲವತ್ತು ಕಳೆದು ಓದಿದರಾಯಿತು. ಅಷ್ಟೂ ಬಾರದ ದಡ್ಡನೇ ನಾನು?

14 ಜುಲೈ, ಸೋಮವಾರ
ಗುದ್ಲೆಪ್ಪ ಕಾಕಾಗೆ ಮಣ್ಣು ಕೊಟ್ಟು ಬಂದೆವು. ಪಕ್ಕದ ಮನೆಯವನು, ಹೆಗಲ ಮೇಲೆ ಹೊತ್ತು ಆಡಿಸಿದವನು. ನಿನ್ನೆ ಸಂಜೆ ಎದೆ ಹಿಡಿದುಕೊಂಡ. ನನ್ನ ಗಾಡಿಯಲ್ಲೇ ಹುಬ್ಬಳ್ಳಿಗೆ ಹೊರಟಿದ್ದು. ಹಿಂದೆ ಅವನ ಹೆಂಡತಿ ಶಾರವ್ವ ಚಿಗವ್ವ, ತೊಡೆಯ ಮೇಲೆ ಅವನ ತಲೆ. ಬಂಕಾಪುರ ದಾಟಿದ ಮೇಲೆ, "ಹುಲಗೇಶಾ, ನಿಮ್ಮ ಕಾಕಾ ಮಾತಾಡವಲ್ರು" ಅಂದಳು. ನಿಲ್ಲಿಸಿ ನೋಡಿದೆ. ಮುಗಿದಿತ್ತು. ಪರದೆಯಲ್ಲಿ 7:05. ಕೂಡಲೇ ಹೆಂಡತಿ ರಾಜಶ್ರೀಗೆ ಫೋನ್ ಹಚ್ಚಿದೆ, ಬರೀ ಅತ್ತುಬಿಟ್ಟೆ... ಗಾಡಿ ತಿರುಗಿಸಿದೆ.

ಇವತ್ತು ಬೆಳಿಗ್ಗೆ ಪಂಚಾಂಗದ ಅಯ್ಯನವರು ಕೇಳಿದರು. "ಜೀವ ಹೋದಾಗ ಟೈಮ್ ಎಷ್ಟಿತ್ತೋ?"

"ಏಳೂ ಐದು ರೀ. ಕಣ್ಣಾರೆ ನೋಡೇನಿ."

ಆರೂ ಐವತ್ತಕ್ಕೇ ಪಂಚಕ ಹತ್ತಿತ್ತಂತೆ. ಕೆಟ್ಟ ಹೊತ್ತಿನ ಸಾವು. ಮೂರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಹಚ್ಚಬೇಕು.

15 ಜುಲೈ
ಚಿಗವ್ವನನ್ನು ಹಿರೇಕೆರೂರಿಗೆ, ಅವಳ ನಾದಿನಿ ನಾಗವ್ವನ ಮನೆಗೆ ಬಿಟ್ಟುಬಂದೆ. ಚಿಗವ್ವನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ ಅಂದರೂ ನಡೆದೀತು. ತನ್ನ ಮನೆಯಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಯಾರ ಹಂಗೂ ಇರಲಿಲ್ಲ. ಅಲ್ಲಿ ನೀರಿನ ತಂಬಿಗೆಗೂ ಯಾರನ್ನಾದರೂ ಕೂಗಬೇಕು. ಹೊರಡುವಾಗ ನನ್ನ ಕೈ ಬಿಡಲೇ ಇಲ್ಲ.

16 ಜುಲೈ, ಮಧ್ಯಾಹ್ನ
ಯಾರದೋ ನಂಬರ್ ಹುಡುಕಲು ಫೋನಿನ ಕಾಲ್ ಪಟ್ಟಿ ತೆಗೆದೆ. ರವಿವಾರ — ರಾಜಶ್ರೀ — 6:27.

ಆರೂ ಇಪ್ಪತ್ತೇಳು!

ನಲವತ್ತು ಕಳೆಯಲಿಲ್ಲ ನಾನು. ದಿನಾ ಕಳೆಯುವವನು ಅವತ್ತು ಕಳೆಯಲಿಲ್ಲ. ಕಾಕಾ ಹೋದದ್ದು ಪಂಚಕಕ್ಕೆ ಮೊದಲೇ. ನಾಳೆ ಎದ್ದ ಕೂಡಲೇ ಅಯ್ಯನವರಿಗೆ ಹೇಳಬೇಕು.

24 ಜುಲೈ
ಹೇಳಿಲ್ಲ. ರಾಜಶ್ರೀ ಎರಡು ಸಲ ಅಂದಳು, "ಹೋಗಿ ಹೇಳಿ ಬರ್ರಿ. ಆ ಮುದುಕಿ ಏನ್ ಪಾಪ ಮಾಡೇತಿ?" ಹೇಳಿದರೆ ಓಣಿಯೆಲ್ಲ ಮುಖಕ್ಕೆ ಉಗಿಯುತ್ತದೆ. ಇವನ ಮಾತು ಕೇಳಿ ಮನೆಗೆ ಮುಳ್ಳು ಬಡಿದೆವಲ್ಲ ಅಂತ. ಮೂರು ತಿಂಗಳು ತಾನೇ, ಹೇಗೋ ಕಳೆಯುತ್ತದೆ... ಹೀಗೆ ಬರೆಯುವ ಕೈಗೆ ಹುಳ ಬೀಳಬೇಕು.

17 ಆಗಸ್ಟ್
ನಾಗವ್ವನ ಫೋನ್. ಚಿಗವ್ವ ಬಚ್ಚಲ ಮೆಟ್ಟಿಲು ತಿಳಿಯದೆ ಬಿದ್ದಿದ್ದಾಳೆ. ಬಲಗೈ ಮುರಿದಿದೆ. "ಈ ವಯಸ್ಸಿನ್ಯಾಗ ಅದು ಕೂಡೂದು ಕಷ್ಟ ಅಂದ್ರಪಾ ಡಾಕ್ಟ್ರು."

ನಾನೇ ಮುರಿದದ್ದು.

18 ಆಗಸ್ಟ್
ಫೋನ್ ಹಿಡಿದು ಅಯ್ಯನವರ ಮುಂದೆ ಕೂತೆ. ಎಲ್ಲ ಹೇಳಿದೆ. ಕನ್ನಡಕ ಏರಿಸಿ ಫೋನನ್ನೂ ಪಂಚಾಂಗವನ್ನೂ ನೋಡಿದರು.

"ಪಂಚಕಕ್ಕ ಇನ್ನೂ ಇಪ್ಪತ್ತೈದು ನಿಮಿಷ ಇತ್ತಲ್ಲೋ! ಮುಳ್ಳು ತಗೀರಿ. ಆಕಿನ್ನ ಕರ್ಕೊಂಬಾ."

ಬೈಯಲಿಲ್ಲ. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

19 ಆಗಸ್ಟ್
ಹಿರೇಕೆರೂರಿಗೆ ಹೋದೆ. ಚಿಗವ್ವ ಕಟ್ಟೆಯ ಮೇಲಿದ್ದಳು, ಕೈಗೆ ಪಟ್ಟಿ. ಸೊರಗಿ ಹಿಡಿಯಷ್ಟಾಗಿದ್ದಾಳೆ. ಗಾಡಿಯ ಗಡಿಯಾರ ತಪ್ಪಿತ್ತು ಅಂದೆ. ಕಾಕಾ ಹೋಗಿದ್ದು ಆರೂ ಇಪ್ಪತ್ತೈದಕ್ಕೆ ಅಂದೆ.

"ಹಂಗಾರ ಅವರು ಚೊಲೋ ಹೊತ್ತಿನ್ಯಾಗ ಹೋದ್ರನ?"

"ಹೂಂ, ಚಿಗವ್ವ."

"ನಾ ದಿನಾ ಅವರಿಗೆ ಬೈದೇನೋ ತಮ್ಮಾ. ಸತ್ತೂ ನನ್ನ ಮನಿ ಬಿಡಿಸಿದಿ, ಹೋಗು, ನಿನಗ ನೀರೂ ಬಿಡಂಗಿಲ್ಲ ಅಂತ... ಏನೂ ತಪ್ಪು ಮಾಡದ ಮನಶ್ಯಾಗ ಬೈದ್ನೆಲ್ಲೋ." ಎದೆ ಬಡಿದುಕೊಳ್ಳಲು ಹೋದಳು. ಪಟ್ಟಿಯ ಕೈ ಏಳಲಿಲ್ಲ.

ಕರೆದುಕೊಂಡು ಬರುವಾಗ, ಹಾನಗಲ್ ಹತ್ತಿರ, ಮೆಲ್ಲಗೆ ಕೇಳಿದಳು, "ಇದು ನಿನಗ ಯಾವಾಗ ಗೊತ್ತಾತು?"

"ನಿನ್ನಿ, ಚಿಗವ್ವ."

ಹಿಂದಿನಿಂದ ಎಡಗೈ ಚಾಚಿ ನನ್ನ ತಲೆ ಸವರಿದಳು. "ಗೊತ್ತಾದ ಕೂಡ್ಲೆ ಓಡಿ ಬಂದಿ, ನನ್ನಪ್ಪಾ. ಹೊಟ್ಟ್ಯಾಗ ಹುಟ್ಟಿದವರೂ ಬರ್ತಿದ್ದಿಲ್ಲ."

ನಾನು ಗಾಡಿ ನಿಲ್ಲಿಸಿ ಅವಳಿಗೆ — ಇಲ್ಲ, ನಾನು ಗಾಡಿ ನಿಲ್ಲಿಸಲಿಲ್ಲ.