ಅಣ್ಣನ ಎಡಭುಜ

ಶಿಲ್ಪಿಯವರಿಗೆ ನಮಸ್ಕಾರ.

ನಮ್ಮೂರ ವೃತ್ತದಲ್ಲಿ ನಿಲ್ಲಿಸಲು ನೀವು ಮಾಡುತ್ತಿರುವ ಪ್ರತಿಮೆ ನನ್ನ ಅಣ್ಣನದು. ಸಮಿತಿಯವರು ನಿಮಗೆ ಕೊಟ್ಟ ಫೋಟೋ ಅವನು ಸೈನ್ಯಕ್ಕೆ ಸೇರಿದ ಮೇಲಿನದು. ಅದರಲ್ಲಿ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿದ್ದಾನೆ. ನಮ್ಮಣ್ಣ ಹಾಗಿರಲಿಲ್ಲ.

ಚಿಕ್ಕಂದಿನಿಂದ ಹಾಲಿನ ಕ್ಯಾನು ಹಿಡಿದು ಮನೆಮನೆಗೆ ಹೋಗಿ ಅವನ ಎಡಭುಜ ತಗ್ಗಿತ್ತು. ಬೀದಿಯವರು "ಏನೋ ಓರೆ ತಕ್ಕಡಿ" ಎಂದರೆ, "ಅಳತೆ ಸರಿಯಾಗಿದೆಯಲ್ಲ, ಬಿಡಿ" ಎನ್ನುತ್ತಿದ್ದ. ಅಳತೆಯ ಲೋಟ ಹಿಡಿದು ಹಿಂದೆ ಓಡುತ್ತಿದ್ದ ನಾನು ಆ ವಾಲಿದ ಬೆನ್ನನ್ನು ನೋಡಿಕೊಂಡೇ ಬೆಳೆದೆ.

ಸೈನ್ಯದಿಂದ ರಜೆಗೆ ಬಂದು ಬಾಗಿಲಲ್ಲಿ ನೆಟ್ಟಗೆ ನಿಂತವನನ್ನು ಕಂಡು ಅಮ್ಮ, "ಯಾರು ಬೇಕಾಗಿತ್ತಪ್ಪಾ?" ಅಂದಳು. ಅವನು ಭುಜ ಇಳಿಬಿಟ್ಟು, "ಹಾಲು ಎಷ್ಟು ಹಾಕ್ಲಿ ಅಮ್ಮೋರೇ?" ಅಂದ. ಅಮ್ಮ ಅಳುತ್ತಲೇ ನಕ್ಕು, ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಅವನಿಗೆ ಸಿಕ್ಕಿದ್ದು ಆ ಒಂದೇ ರಜೆ. ಯುದ್ಧದಲ್ಲಿ ಸತ್ತವನ ದೇಹವೂ ನಮಗೆ ಸಿಗಲಿಲ್ಲ.

ಪ್ರತಿಮೆಯ ಎಡಭುಜವನ್ನು ಸ್ವಲ್ಪ ತಗ್ಗಿಸುತ್ತೀರಾ? "ಯೋಧ ಅಂದ್ರೆ ಎದೆ ಸೆಟೆಸಿ ನಿಲ್ಬೇಕಮ್ಮಾ" ಎಂದು ಸಮಿತಿಯ ಅಧ್ಯಕ್ಷರು ನನ್ನನ್ನು ಗದರಿದರು. ನೆಟ್ಟಗಾದದ್ದು ಅಣ್ಣನಿಗೂ ಹೆಮ್ಮೆಯೇ ಆಗಿತ್ತೇನೋ. ನಾನು ಕೇಳುತ್ತಿರುವುದು ಅವನಿಗಾಗಿಯೋ ನನಗಾಗಿಯೋ ನನಗೇ ಖಚಿತವಿಲ್ಲ. ಅಮ್ಮನಿಗೆ ಮಾತ್ರ ಯಾವ ಅನುಮಾನವೂ ಇಲ್ಲ.

ಅಚ್ಚು ತೆಗೆಯುವ ಮುನ್ನ, ಜೇಡಿಮಣ್ಣು ಇನ್ನೂ ಹಸಿಯಾಗಿರುವಾಗಲೇ ಹೇಳಿಕಳಿಸಿ. ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಎಷ್ಟು ತಗ್ಗಬೇಕೆಂದು ಅವಳ ಕೈಗೆ ಗೊತ್ತಿದೆ.

ನಿಮ್ಮ ಕರೆಗೆ ಕಾಯುತ್ತಿರುವ,
ಅವನ ತಂಗಿ