ಗ್ಯಾರೇಜಿನ ಬಿಸಿ ನೆಲ

ಲಿವರ್‌ಮೋರ್
ಭಾನುವಾರ, ಫೆಬ್ರವರಿ 9, 2025

ಚಿ. ಸೌ. ಗಾರ್ಗಿಗೆ,

ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದಗಳು. ಕಾಲು ಹೇಗಿದೆ? ಮೂಳೆಯ ಬಿರುಕು ಕೂಡಿಕೊಳ್ಳುತ್ತಿದೆ ಎಂದು ಮೈಸೂರಿನ ಡಾಕ್ಟರು ಹೇಳಿದರಂತೆ, ನಿಮ್ಮ ಅಮ್ಮ ತಿಳಿಸಿದರು. ಆದರೂ ಮೆಟ್ಟಿಲು ಹತ್ತಬೇಡ. ಹಾಲು ಕೊಟ್ಟರೆ ಮೂಗು ಮುರಿಯದೆ ಕುಡಿ. ಇಲ್ಲಿ ಮಾನ್ಯಾ ಆರೋಗ್ಯವಾಗಿದ್ದಾಳೆ. ಜಡೆ ಮಾತ್ರ ನಾನು ಹಾಕಿದರೆ ಬಿಗಿಯಂತೆ, ಅವಳ ಅಪ್ಪ ಹಾಕಿದರೆ ಸ್ಕೂಲು ಮುಟ್ಟುವುದರೊಳಗೆ ಬಿಚ್ಚಿಹೋಗುತ್ತದೆ. ಫೋನಿರುವಾಗ ಈ ಮುದುಕಿಗೆ ಕಾಗದದ ಹುಚ್ಚೇಕೆ ಎಂದು ನಗಬೇಡ. ಫೋನು ಮಾಡಿದಾಗಲೆಲ್ಲ ಪ್ರದ್ಯುಮ್ನ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ನಿಂತಿರುತ್ತಾನೆ. ನೀನು “ಚೆನ್ನಾಗಿದೀನಿ ಅತ್ತೆ” ಎಂದು ಇಟ್ಟುಬಿಡುತ್ತೀಯ. ಗಂಡನ ಜೊತೆ ಒಂದು ಮಾತಿಲ್ಲ. ಹಿಂದಿನ ಬೀದಿಯ ಆನಂದತೀರ್ಥರು ಮಂಗಳವಾರ ಮೈಸೂರಿಗೆ ಹೊರಡುತ್ತಾರೆ, ಇದನ್ನು ಅವರ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ.

ವಿಷಯ ಏನೆಂದರೆ, ನಿನ್ನ ಗಂಡ ಗ್ಯಾರೇಜಿನ ನೆಲವನ್ನು ಬಿಸಿ ಮಾಡಿಸಲು ಹೊರಟಿದ್ದಾನೆ. ಹೀಟರ್ ಇಡುವುದಲ್ಲ, ನೆಲವೇ ಬಿಸಿಯಾಗುವುದು. ಜನವರಿಯ ಚಳಿಯಲ್ಲಿ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಡಾನ್ಸು ಹೇಳಿಕೊಟ್ಟು ನಿನ್ನ ಕಾಲು ಕೆಟ್ಟಿತು ಎಂದು ಅವನ ಲೆಕ್ಕ. ನೀನು ಬರುವುದರೊಳಗೆ ಮುಗಿಸಿ, ಬಾಗಿಲು ತೆಗೆದು ತೋರಿಸಬೇಕಂತೆ. ಯಾವಾಗ ಬರುತ್ತೀಯ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಾಪಸ್ ಟಿಕೆಟ್ಟನ್ನೇ ತೆಗೆಸದೆ ಹೋದವಳು ನೀನು. ಆಫೀಸು ಮುಗಿಸಿ ಬಂದವನು ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನೇ ನೋಡುತ್ತಾನೆ. ಹುಳಿಗೆ ಉಪ್ಪು ಹಾಕಲು ಮರೆತರೂ ಅವನಿಗೆ ತಿಳಿಯುವುದಿಲ್ಲ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ.

ಇಬ್ಬರು ಬಂದು ನೋಡಿಕೊಂಡು ಹೋದರು. ಮೊದಲನೆಯವನದು ಕರೆಂಟಿನ ಚಾಪೆ. ತಂತಿ ಹೆಣೆದ ತೆಳು ಚಾಪೆಯನ್ನು ಹಾಸಿ, ಮೇಲೆ ಟೈಲ್ಸ್ ಕೂರಿಸುತ್ತಾನಂತೆ. ಬೇಗ ಬಿಸಿಯಾಗುತ್ತದೆ, ಬಿಲ್ಲೂ ಬೇಗ ಏರುತ್ತದೆ. ಎರಡನೆಯವನದು ಬಿಸಿನೀರಿನ ಪೈಪು. ಅದಕ್ಕೊಂದು ಬಾಯ್ಲರು ಬೇಕು, ಪೈಪಿನ ಮೇಲೆ ಹೊಸದಾಗಿ ಕಾಂಕ್ರೀಟು ಸುರಿಯಬೇಕು, ನೆಲ ಮೂರಿಂಚು ಮೇಲೇಳುತ್ತದೆ. ಬಿಸಿಯಾಗಲು ಅರ್ಧ ದಿನ, ಆಮೇಲೆ ಆರುವುದೇ ಇಲ್ಲವಂತೆ. ಒಂದು ಕಾರು ಹಿಡಿಸುವ ಗ್ಯಾರೇಜಿಗೆ ಇಷ್ಟು ಗಲಾಟೆ! ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ವಾರಕ್ಕೆ ಎಷ್ಟು ಗಂಟೆ ಉಪಯೋಗಿಸುತ್ತೀರಿ? ಪ್ರದ್ಯುಮ್ನ ನನ್ನ ಮುಖ ನೋಡಿದ. ನಾನು ಟೀ ತರುವ ನೆಪ ಮಾಡಿಕೊಂಡು ಒಳಗೆ ಹೋದೆ.

ಕೊನೆಗೆ ಚಾಪೆಯನ್ನೇ ಒಪ್ಪಿದ್ದಾನೆ, ಮೇಲೆ ಟೈಲ್ಸು. ಇಪ್ಪತ್ತನಾಲ್ಕನೇ ತಾರೀಖು ಕೆಲಸ ಶುರು. ಅಂಟಿಸಿದರೆ ಮುಗಿಯಿತು, ಕಿತ್ತರೆ ತಂತಿಯೂ ಕಿತ್ತುಬರುತ್ತದೆ. ಟೈಲ್ಸು ಎಂದರೆ ಸಿಮೆಂಟಿಗಿಂತ ಏನು ಮೆತ್ತಗೆ? ನಿನ್ನ ಕ್ಲಾಸು ನಡುಮನೆಯಿಂದ ಗ್ಯಾರೇಜಿಗೆ ಹೋದ ದಿನವೇ ನೀನು ಹೇಳಿದ್ದೆ: “ಸಿಮೆಂಟ್ ಮೇಲೆ ಅಡವು ಹಾಕಿದ್ರೆ ಕಾಲು ಕೆಡತ್ತೆ ಅತ್ತೆ. ಮರ ಬೇಕು, ಮರದ ಕೆಳಗೆ ಗಾಳಿ ಆಡ್ಬೇಕು.” ನಾನು ಒಂದು ಜಮಖಾನ ಹಾಸಿಕೋ ಎಂದೆ. ಆ ಮಾತು ಈಗಲೂ ಚುಚ್ಚುತ್ತದೆ. ಚಾಪೆಯವನು ಹೋಗುವಾಗ ನನ್ನ ಹರಕು ಇಂಗ್ಲಿಷಿನಲ್ಲಿ, ಮೇಲೆ ಮರ ಹಾಕಬಹುದೇ ಎಂದು ಕೇಳಿದೆ. ಕೆಳಗೆ ಗಾಳಿ ಬಿಟ್ಟರೆ ಬಿಸಿ ಮೇಲಕ್ಕೆ ಬರುವುದಿಲ್ಲ, ಎರಡರಲ್ಲಿ ಒಂದನ್ನು ಬಿಡಿ ಎಂದ. ಮಗನಿಗೆ ಹೇಳೋಣವೆಂದು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿಕೊಂಡೆ. ಹಠಮಾರಿ ಅತ್ತೆ ಎಂದು ನೀನು ತಮಾಷೆ ಮಾಡುತ್ತಿದ್ದೆಯಲ್ಲ, ಆ ಅತ್ತೆಗೆ ಈಗ ಕೈಕಾಲು ಆಡುತ್ತಿಲ್ಲ.

ನಿನ್ನೆ ಅವನು ಟೈಲ್ಸಿನ ಚೂರುಗಳನ್ನು ಊಟದ ಮೇಜಿನ ಮೇಲೆ ಹರಡಿ, ಅಮ್ಮನಿಗೆ ಯಾವ ಬಣ್ಣ ಇಷ್ಟ ಎಂದು ಮಾನ್ಯಾಳನ್ನು ಕೇಳಿದ. ಅವಳು ತಲೆಯೆತ್ತದೆ, “ಡಿಡ್ ಎನಿಬಡಿ ಆಸ್ಕ್ ಅಮ್ಮ?” ಎಂದಳು. ಒಂಬತ್ತು ವರ್ಷದ ಮಗು ಕಣೇ ಅದು! ಅವನು ಚೂರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಟ್ಟ. ನೀವಿಬ್ಬರೂ ಹಾಗೆಯೇ, ಒಬ್ಬರನ್ನೊಬ್ಬರು ಕೇಳುವವರಲ್ಲ. ಹೇಳಬೇಕಾದ್ದನ್ನೆಲ್ಲ ಹತ್ತು ವರ್ಷದಿಂದ ನನ್ನ ಮೂಲಕವೇ ದಾಟಿಸಿದ್ದೀರಿ. ಮನೆಗೆ ನಾನು ಬೇಕಾದವಳು ಎಂದು ನನಗೂ ಒಳಗೊಳಗೇ ಹೆಮ್ಮೆಯಿತ್ತು. ಪೆಟ್ಟಿಗೆ ತುಂಬುವಾಗ ನೀನು, “ನನ್ ಜಾಗ ಗ್ಯಾರೇಜು ಅಂತ ಅವರೇ ತೀರ್ಮಾನ ಮಾಡಿದ ಮೇಲೆ ಇನ್ನೇನಿದೆ ಅತ್ತೆ” ಎಂದೆ. ನಾನು ನಿನ್ನ ಸೀರೆ ಮಡಿಸುತ್ತಲೇ ಇದ್ದೆ.

ಆನಂದತೀರ್ಥರ ಕೈಲಿ ಮಾನ್ಯಾ ಬರೆದ ಚಿತ್ರವನ್ನೂ ಕಳಿಸಿದ್ದೇನೆ. ಬೀಗರಿಗೆ, ಬೀಗಿತ್ತಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನೂರು ಮಕ್ಕಳಿಗೆ ತಾಳ ಹೇಳಿಕೊಡುವಷ್ಟು ಆಯಸ್ಸು ಕೊಡಲಿ.

ಇಂತು ನಿನ್ನ ಅತ್ತೆ,
ವೇದವತಿ

ತಾ.ಕ.: ಕಾಗದ ಒಯ್ಯಲು ಬಂದ ಆನಂದತೀರ್ಥರು ಬಾಗಿಲಲ್ಲಿ ನಿಂತಿದ್ದಾರೆ. ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಕ್ಲಾಸನ್ನು ಗ್ಯಾರೇಜಿಗೆ ಹಾಕಿಕೊಳ್ಳಲಿ ಎಂದು ಪ್ರದ್ಯುಮ್ನ ಹೇಳಿರಲಿಲ್ಲ. ಅವನ ಮೀಟಿಂಗಿಗೆ ತೊಂದರೆ ಎಂದು ನಾನು ನಿನಗೆ ಹೇಳಿದ್ದೂ ಸುಳ್ಳು. ನಡುಮನೆಯಲ್ಲಿ ನೀನು ತಾಳ ಹಾಕುವ ತಟ್ಟುಮಣೆಯ ಸದ್ದಿಗೆ ಶನಿವಾರ ಮಧ್ಯಾಹ್ನದ ನನ್ನ ನಿದ್ದೆ ಕೆಡುತ್ತಿತ್ತು, ಅಷ್ಟೇ. ನಿನಗೆ ಅವನ ಹೆಸರು ಹೇಳಿದೆ, ಅವನಿಗೆ ನಿನ್ನ ಹೆಸರು ಹೇಳಿದೆ. ನೀನೇ ಗ್ಯಾರೇಜು ಕೇಳಿದೆ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಎದುರು ನಿಂತು ಹೇಳಲು ನನ್ನಿಂದ ಆಗುತ್ತಿಲ್ಲ. ಇಪ್ಪತ್ತನಾಲ್ಕರೊಳಗೆ ಈ ಹಾಳೆಯ ಫೋಟೋ ತೆಗೆದು ಅವನಿಗೆ ಕಳಿಸು. ನನ್ನ ಅಕ್ಷರ ಅವನಿಗೆ ಗೊತ್ತು.