ಗೋಡೆಗೆ ಬಿಗಿದ ತಂತಿ

ಅಕ್ಟೋಬರ್ 9, ಗುರುವಾರ. ಮೆಂಫಿಸ್ ದಾಟಿ, ಪೆಟ್ರೋಲ್ ಬಂಕ್

ಮತ್ತೆ ನಿಂತೆವು. ಡಿವಿಟ್‌ಗೆ ಇನ್ನೊಂದು ಫಲಕ ಕಂಡಿದೆ. ಮಿಸಿಸಿಪ್ಪಿಯಲ್ಲಿ ಬ್ಲೂಸ್ ಹಾಡಿದವನು ಸೀನಿದ ಜಾಗಕ್ಕೂ ಫಲಕ ನೆಟ್ಟಿದ್ದಾರೆ. ಇವನು ಪ್ರತಿಯೊಂದರ ಮುಂದೂ ಟೋಪಿ ತೆಗೆದು ಓದುತ್ತಾನೆ — ಗಟ್ಟಿಯಾಗಿ. ಷಿಕಾಗೋದಲ್ಲಿ ಟಪಾಲು ಹಂಚುವವನು. ವಿಳಾಸ ಸಿಕ್ಕರೆ ಬಿಡುವುದಿಲ್ಲ.

ಕಾರು ಅರ್ಲೀನಳದು. ಒಂದನೇ ಕ್ಲಾಸಿನಿಂದ ನಾವು ಮೂವರೂ ಗೆಳೆಯರು. ಹಾರ್ನ್ ಒತ್ತಿ ಕೂಗಿದಳು. "ಲೇ ಡಿವಿಟ್, ಸತ್ತೋರನ್ನ ಮಾತಾಡಿಸಿದ್ದು ಸಾಕು ಬಾರೋ. ಬದುಕಿರೋರಿಗೆ ಹಸಿವು!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಚಿಪ್ಸ್ ತಿನ್ನುತ್ತಿದ್ದೆ. ಗಂಟಲಿಗೆ ಚುಚ್ಚುತ್ತದೆ... ಆದರೂ.

ಬುಧವಾರ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ತೆಗೆಯದಿದ್ದರೆ ಗಡ್ಡೆ ನನ್ನನ್ನೇ ತೆಗೆಯುತ್ತದೆ. ವಾರವೆಲ್ಲ ಬಸ್ಸು ಓಡಿಸಿ ಶನಿವಾರ ಹಾಡುವವಳು ನಾನು. ದನಿ ಹೋಗುವ ಮುಂಚೆ ಅಜ್ಜಿ ಊರ ಕಡೆ ಒಮ್ಮೆ ಹಾಡಲಿ ಅಂತ ಇವರ ಯೋಜನೆ. ನನ್ನದು ಬೇರೆ. ಬುಧವಾರ ಹೋಗದೇ ಇರುವುದು. ಇನ್ನೂ ಹೇಳಿಲ್ಲ.

ಕತ್ತರಿ ಅಲ್ಲಿ, ಹೆದ್ದಾರಿ ಇಲ್ಲಿ,
ಕತ್ತನ್ನು ಹೊತ್ತು ಓಡಲಿ ಎಲ್ಲಿ?

ಅ. 10, ಶುಕ್ರವಾರ. ಕ್ಲಾರ್ಕ್ಸ್‌ಡೇಲ್

ತಗಡಿನ ಜೂಕ್ ಜಾಯಿಂಟ್, ಕುಡಿದು ಹಾಡಿ ಕುಣಿಯುವ ಅಡ್ಡೆ. ಬಿಯರು, ಹುರಿದ ಮೀನು, ಗಿಟಾರು. ಹೊರಗೆ ಇನ್ನೂ ಬಿಸಿಲು. ಡಿವಿಟ್ ಮೊದಲೇ ನನ್ನ ಹೆಸರು ಕೊಟ್ಟಿದ್ದ. "ಷಿಕಾಗೋದ ಒಜೆಲ್ಲಾ!" — ಕರೆದರು. ಎದ್ದೆ. ಟಾಯ್ಲೆಟ್ ಕಡೆ ನಡೆದೆ. ಹಿಂದಿನ ಬಾಗಿಲು. ಕಾರು.

ಅರ್ಲೀನ್ ಬಂದು ಕಿಟಕಿ ಬಡಿದಳು. "ಏನೇ ನಿಂದು? ಎಲ್ರೂ ಕಾಯ್ತಿದ್ದಾರೆ."

"ಕೊನೇ ಹಾಡು ಅಂತ ಗೊತ್ತಿದ್ದೂ ಹಾಡೋದು ಹೆಂಗೆ? ನನ್ನ ಸಾವಿನ ಊಟಕ್ಕೆ ನಾನೇ ಕೋಳಿ ಹುರಿದ ಹಂಗೆ. ...ಬುಧವಾರ ಹೋಗಲ್ಲ ಕಣೇ."

ಬಂತು ಬಾಯಿಂದ.

ಬೈಯಲಿಲ್ಲ ಅವಳು. ಅದಕ್ಕೇ ಹೆದರಿಕೆಯಾಯಿತು. ಬಾನೆಟ್ ಮೇಲೆ ಕೂತು ನನ್ನ ಪಾಲಿನ ಮೀನನ್ನೂ ತಿಂದಳು. ಅಳುತ್ತಾ.

ಅ. 12, ಭಾನುವಾರ

ನಿನ್ನೆ ಬರೆಯುವಂಥದ್ದೇನಿಲ್ಲ. ಕಾರಿನಲ್ಲಿ ಮೂವರು, ಮೂರು ಕಿಟಕಿ.

ಇವತ್ತು ಅಜ್ಜಿಯ ಮನೆ. ಡಿವಿಟ್ ಪತ್ತೆ ಮಾಡಿದ್ದು. ಹತ್ತಿ ಹೊಲದಂಚಿನ ಆ ಮರದ ಗುಡಿಸಲು ಈಗ ಟೂರಿಸ್ಟರಿಗೆ ಬಾಡಿಗೆಗಿದೆ. ಒಳಗೆ ಏಸಿ. ಅಜ್ಜಿಗೆ ಇದನ್ನು ಬಿಟ್ಟು ಹೋದರೆ ಸಾಕಾಗಿತ್ತು. ಟೂರಿಸ್ಟರು ಮೂರು ತಿಂಗಳ ಮುಂಚೆ ಬುಕ್ ಮಾಡಬೇಕು. ಇವತ್ತು ಯಾರೂ ಇರಲಿಲ್ಲ, ಬಾಗಿಲು ತೆರೆದಿತ್ತು.

ಬೇಸಿಗೆ ರಜಕ್ಕೆಲ್ಲ ನನ್ನನ್ನು ಇಲ್ಲಿಗೆ ಅಟ್ಟುತ್ತಿದ್ದರು. ಜಗಲಿಯ ಗೋಡೆ ನೋಡಿದೆ. ಆಗ ನಾನು ಹೊಡೆದ ಎರಡು ಮೊಳೆ — ಬಣ್ಣ ಬಳಿದಿದ್ದಾರೆ, ಕಿತ್ತಿಲ್ಲ. ಪೊರಕೆಯ ಕಟ್ಟು ಬಿಚ್ಚಿ, ತಂತಿ ಎಳೆದು, ಮೊಳೆಗೆ ಸುತ್ತಿ, ಎರಡು ತುದಿಗೂ ಬಾಟಲಿ ಸಿಕ್ಕಿಸಿದರೆ ಮನೆಯೇ ವಾದ್ಯ. ಆಮೇಲೆ ಅಜ್ಜಿ ಉಳಿದ ಪೊರಕೆಯಲ್ಲಿ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು.

ಹೇಳಿದ್ದಷ್ಟೇ. ಡಿವಿಟ್ ಒಳಗಿನ ಪೊರಕೆ ತಂದೇಬಿಟ್ಟ. ಅರ್ಲೀನ್ ಎರಡು ಬಿಯರ್ ಖಾಲಿ ಮಾಡಿ ತ್ಯಾಗ ಮೆರೆದಳು. ತಂತಿಯ ಮೇಲೆ ಜಾರಿಸಲು ನನ್ನ ಕೆಮ್ಮಿನ ಔಷಧಿಯ ಸೀಸೆ.

"ನನ್ನ ಪೊರಕೆ ಬಿಚ್ಚಿದೋರು ಯಾರು?"

ಮನೆ ನೋಡಿಕೊಳ್ಳುವ ಮಿಸ್ ವರ್ಡೆಲ್. ಎಂಬತ್ತರ ಮೇಲೆ. ನಾವು ಮೂವರೂ ಆರು ವರ್ಷದವರಾದೆವು. ಡಿವಿಟ್ ನನ್ನ ಕಡೆ ಬೆರಳು ತೋರಿಸಿದ, ದ್ರೋಹಿ.

"ಬಿಚ್ಚಿದ್ದಾಯ್ತಲ್ಲ, ನುಡಿಸು ಬೇಬಿ. ಸುಮ್ನೆ ನಿಂತ್ರೆ ಉಳಿದಿದ್ರಲ್ಲೇ ಕೊಡ್ತೀನಿ."

ಮೀಟಿದೆ. ಗೋಡೆ ಗುಂಯ್ ಅಂದಿತು. ಬಾಯಿ ತಾನೇ ತೆರೆಯಿತು. ಅಜ್ಜಿಯ ಹಾಡು.

ಊರಿನ ರೈಲು ಬಂತು, ಸೀಟಿಲ್ಲ ನಂಗೆ,
ಹೌದಪ್ಪಾ, ಊರಿನ ರೈಲು ಬಂತು, ಸೀಟಿಲ್ಲ ನಂಗೆ,
ನಿಂತೇ ಹೋಗ್ತೀನಿ ಗಾರ್ಡಣ್ಣ —

ಅಲ್ಲಿ ದನಿ ಸತ್ತುಹೋಯಿತು. ಗಾಳಿ ಅಷ್ಟೇ. ಕೈ ನಿಲ್ಲಲಿಲ್ಲ. ಸೀಸೆ ಜಾರಿಸಿದೆ — "ಹತ್ತಿಸ್ಕೋ ಹಂಗೇ" ಎಂದಿತು ತಂತಿ. ಅಜ್ಜಿಯೂ ಹೀಗೇ ಹೇಳಿಕೊಟ್ಟಿದ್ದು: ಅರ್ಧ ನೀನು, ಅರ್ಧ ತಂತಿ. ಮರೆತಿದ್ದೆ.

ಡಿವಿಟ್‌ನ ಟೋಪಿ ಕೈಗೆ ಬಂದಿತ್ತು, ಅಲ್ಲಿ ಫಲಕವೇ ಇಲ್ಲ.

"ಪೂರ್ತಿ ಕೇಳಿಸ್ತು," ಅಂದರು ಮಿಸ್ ವರ್ಡೆಲ್. "ಈಗ ಗುಡಿಸೋದು ಯಾರು?"

ಗುಡಿಸುತ್ತಾ ಅರ್ಲೀನಳನ್ನು ಕೇಳಿದೆ, "ಬುಧವಾರ ಎಷ್ಟೊತ್ತಿಗೆ ಹೊರಡ್ಬೇಕೇ?"

ಅ. 15, ಬುಧವಾರ. ಷಿಕಾಗೋ, ಆಸ್ಪತ್ರೆ, ಬೆಳಿಗ್ಗೆ

ಅರ್ಲೀನ್ ಮಡಿಸಿದ ಬಟ್ಟೆಯನ್ನೇ ಮಡಿಸುತ್ತಿದ್ದಾಳೆ. ಡಿವಿಟ್ ಕಾರಿಡಾರಿನ ಬೋರ್ಡುಗಳನ್ನು ಓದುತ್ತಿದ್ದಾನೆ. "ಎಕ್ಸ್‌ರೇ... ಗಂಡಸರು..." ಟೋಪಿ ತೆಗೆದು.

ತಂತಿ ಬ್ಯಾಗಿನಲ್ಲಿದೆ. ಮಿಸ್ ವರ್ಡೆಲ್‌ಗೆ ಹೊಸ ಪೊರಕೆ ಕೊಡಿಸಿ ಬಂದೆವು. ನನ್ನ ಅಡುಗೆಮನೆಗೂ ಮರದ ಗೋಡೆಯೇ. ಪಕ್ಕದ ಮನೆಯವರು ಬೈಯಲಿ.

ಮೆಲ್ಲಗೆ ಹಾಡುತ್ತಿದ್ದೇನೆ, ಬರೆಯುತ್ತಾ. ರೈಲಿನದೇ. ನರ್ಸ್ ಗಾಲಿಮಂಚ ತಳ್ಳಿಕೊಂಡು ಬಂದಳು. ಒಂದು ನಿಮಿಷ ತಾಯಿ, ಮೂರನೇ ಸಾಲಿನಲ್ಲಿದ್ದೇನೆ —

ನಿಂತೇ ಹೋಗ್ತೀನಿ ಗಾರ್ಡಣ್ಣ